ಉಸಿಕ್‌ನನ್ನು ಯಾರ ಪಕ್ಕ ನಿಲ್ಲಿಸೋದು?

2025ರ ಜುಲೈ 19ರ ರಾತ್ರಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಿನಲ್ಲಿ ಉಕ್ರೇನಿನ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್ ಐದನೇ ರೌಂಡಿನಲ್ಲಿ ಎಡಗೈ ಹೊಡೆತದಿಂದ ಡೇನಿಯಲ್ ಡುಬ್ವಾನನ್ನು ಮಲಗಿಸಿದ. ಹೆವಿವೇಟಿನ, ಅಂದರೆ ಅತಿ ಭಾರದ ವಿಭಾಗದ, ನಾಲ್ಕೂ ಬೆಲ್ಟ್ (ನಾಲ್ಕು ಸಂಸ್ಥೆಗಳ ವಿಶ್ವ ಪಟ್ಟಗಳು) ಮತ್ತೆ ಒಬ್ಬನ ಕೈಗೆ ಬಂತು. 24 ಪಂದ್ಯ, 24 ಗೆಲುವು. ನಮಗೆ ಆಗ ಭಾನುವಾರದ ಬೆಳಗಿನ ಜಾವ. ಬೆಂಗಳೂರಿನಲ್ಲಿ ಬಾಕ್ಸಿಂಗಿಗಾಗಿ ನಿದ್ದೆಗೆಡುವವರು ಕಡಿಮೆ, ಆದರೆ ಇರುವವರು ವಾದಕ್ಕೆ ನಿಂತರೆ ಮಧ್ಯಾಹ್ನದ ಊಟದ ತನಕ ಬಿಡುವುದಿಲ್ಲ.

ಅವತ್ತಿನಿಂದ ಒಂದೇ ವಾದವನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತಾ ಇದ್ದೇನೆ. ಜಯನಗರದಲ್ಲಿ ವಾಕಿಂಗ್ ಮುಗಿಸಿ ಕಾಫಿಗೆ ಕೂರುವ ಹಿರಿಯರು ಮುಹಮ್ಮದ್ ಅಲಿ ಇದ್ದಿದ್ದರೆ ಇವನನ್ನು ಆಟ ಆಡಿಸುತ್ತಿದ್ದ ಅನ್ನುತ್ತಾರೆ. ನನ್ನ ವಯಸ್ಸಿನವರು ಮೈಕ್ ಟೈಸನ್ ಮುಂದೆ ಮೂರು ರೌಂಡ್ ನಿಲ್ಲಲಿ ನೋಡೋಣ ಅನ್ನುತ್ತಾರೆ. ಇಂದಿರಾನಗರ, ಎಚ್‌ಎಸ್‌ಆರ್ ಕಡೆಯ ಜಿಮ್ಮುಗಳಲ್ಲಿ ಗ್ಲೌಸ್ ಹಾಕುವ ಹುಡುಗರಿಗೆ ಹಳಬರೆಲ್ಲ ಚಿಕ್ಕ ಆಳುಗಳು, ಆರಡಿ ಒಂಬತ್ತು ಇಂಚಿನ ಟೈಸನ್ ಫ್ಯೂರಿಯಂಥವನ ಎದುರು ಬಂದರೆ ಅಲ್ಲಿಗೆ ಕಥೆ ಮುಗೀತು ಅನ್ನುವ ಲೆಕ್ಕ.

ಇಲ್ಲಿ ಎರಡು ಪ್ರಶ್ನೆಗಳು ಕಲಸಿಹೋಗಿವೆ. ಇಬ್ಬರನ್ನೂ ಒಂದೇ ರಿಂಗಿಗೆ ಇಳಿಸಿದರೆ ಯಾರು ಗೆಲ್ಲುತ್ತಾರೆ ಅನ್ನೋದು ಒಂದು. ಇಬ್ಬರಲ್ಲಿ ಯಾರು ದೊಡ್ಡವರು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ತೂಕ, ಎತ್ತರ, ತಾಲೀಮು, ಊಟ, ವೈದ್ಯಕೀಯ ಎಲ್ಲ ಬೇಕು, ಮತ್ತೆ ಅದಕ್ಕೆ ಉತ್ತರ ಯಾವತ್ತೂ ಸಿಗುವುದಿಲ್ಲ. ಎರಡನೆಯದಕ್ಕೆ ಉತ್ತರ ಹುಡುಕಬಹುದು, ಯಾಕಂದರೆ ಅದು ಆಗಿಹೋದ ಸಂಗತಿಗಳ ಬಗ್ಗೆ. ಆ ಮನುಷ್ಯ ತನ್ನ ಕಾಲದಲ್ಲಿ ಯಾರ ಎದುರು ನಿಂತ, ಅವರು ಯಾವ ಸ್ಥಿತಿಯಲ್ಲಿದ್ದಾಗ ನಿಂತ, ಸೋತಾಗ ಏನು ಮಾಡಿದ?

ಕ್ರಿಕೆಟ್ಟಿನಲ್ಲಿ ನಾವು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತೇವೆ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನಮ್ಮ ಜಿ. ಆರ್. ವಿಶ್ವನಾಥ್ ಔಟಾಗದೆ 97 ಹೊಡೆದರು. ಭಾರತ ಒಟ್ಟು ಮಾಡಿದ್ದು 190. ಆಂಡಿ ರಾಬರ್ಟ್ಸ್ ಒಬ್ಬನೇ ಏಳು ವಿಕೆಟ್ ಕಿತ್ತಿದ್ದ. ಅದು ಶತಕವೇ ಅಲ್ಲ, ಆದರೂ ಈ ಊರಿನಲ್ಲಿ ಕ್ರಿಕೆಟ್ ಗೊತ್ತಿರುವ ಯಾರೂ ಅದನ್ನು ಸುಲಭದ ಪಿಚ್ಚಿನ ದ್ವಿಶತಕಕ್ಕೆ ಬದಲಾಯಿಸಿಕೊಳ್ಳುವುದಿಲ್ಲ. ಎದುರಿಗೆ ಯಾರಿದ್ದರು ಅನ್ನೋದನ್ನು ನೋಡುತ್ತೇವೆ ಅಲ್ವಾ? ಬಾಕ್ಸಿಂಗಿಗೆ ಬಂದ ಕೂಡಲೇ ಯಾಕೋ, ಐವತ್ತರ ದಶಕದ ಚಾಂಪಿಯನ್ ರಾಕಿ ಮಾರ್ಸಿಯಾನೊನ ದಾಖಲೆಯ ಥರ, 49–0 ಅಂತ ಒಂದು ಸಂಖ್ಯೆ ನೋಡಿ ಸುಮ್ಮನಾಗಿಬಿಡುತ್ತೇವೆ.

ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಅಂತ ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. 1960ರ ದಶಕದ ಕೊನೆಯಲ್ಲೇ ಒಬ್ಬ ಅಮೆರಿಕನ್ ನಿರ್ಮಾಪಕ, ಮರ್ರಿ ವೊರೋನರ್, ಇದನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದ. ಹಳೆಯ ಹೊಸ ಚಾಂಪಿಯನ್ನರನ್ನೆಲ್ಲ ಸೇರಿಸಿ ಮೊದಲು ರೇಡಿಯೊದಲ್ಲಿ ಟೂರ್ನಮೆಂಟ್ ಮಾಡಿದ. ಅದರಲ್ಲಿ ಅಲಿ ಜಿಮ್ ಜೆಫ್ರೀಸ್‌ಗೆ ಸೋತ ಅಂತ ಬಂದಾಗ ಅಲಿ ಕೋರ್ಟಿಗೇ ಹೋದ. ಆಮೇಲೆ 1969ರಲ್ಲಿ ಅಲಿ ಮತ್ತು ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊ ಇಬ್ಬರನ್ನೂ ಮಯಾಮಿಗೆ ಕರೆಸಿ, ಬೇರೆ ಬೇರೆ ಅಂತ್ಯಗಳನ್ನು ಚಿತ್ರೀಕರಿಸಿಟ್ಟುಕೊಂಡರು. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ತೋರಿಸಿದಾಗ 13ನೇ ರೌಂಡಿನಲ್ಲಿ ಮಾರ್ಸಿಯಾನೊ ಗೆದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದ. ಇದನ್ನು ನೋಡೋದಕ್ಕೆ ಮಾರ್ಸಿಯಾನೊ ಇರಲಿಲ್ಲ, ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಈಗ ನಮ್ಮೂರಿನಲ್ಲಿ ಡೇಟಾ ಕೆಲಸ ಮಾಡುವವರಿಗೆ ಬರವಿಲ್ಲ. ಆ ಕಾಲದ ಕಂಪ್ಯೂಟರು ಹಳೆಯದು, ಈಗ ನೂರು ವರ್ಷದ ಎಲ್ಲ ಪಂದ್ಯಗಳ ಫಲಿತಾಂಶ ಸಿಗುತ್ತದೆ, ಚೆಸ್‌ನ ರೇಟಿಂಗ್ ಥರ ಒಂದು ಲೆಕ್ಕ ಹಾಕಿದರೆ ಆಯ್ತಲ್ಲ ಅಂತ ಅವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಅದಕ್ಕೆ ಸ್ವಲ್ಪ ನಿಂತು ಉತ್ತರ ಹೇಳಬೇಕು.

ಅಂಥ ಲೆಕ್ಕಕ್ಕೆ ಒಂದು ಕಾಲವನ್ನು ಇನ್ನೊಂದಕ್ಕೆ ಕಟ್ಟುವ ಕೊಂಡಿಗಳು ಬೇಕು, ಅಂದರೆ ಎರಡೂ ಕಾಲದವರ ಜೊತೆ ಆಡಿದ ಆಟಗಾರರು. ಹೆವಿವೇಟಿನಲ್ಲಿ ಆ ಕೊಂಡಿಗಳು ಹೀಗಿವೆ. ಆರ್ಚಿ ಮೂರ್ 1955ರಲ್ಲಿ ಮಾರ್ಸಿಯಾನೊಗೆ ಸೋತ, 1962ರಲ್ಲಿ ಇನ್ನೂ ಕ್ಯಾಸಿಯಸ್ ಕ್ಲೇ ಆಗಿದ್ದ ಅಲಿಗೆ ಸೋತ. ಅಲಿ 1980ರಲ್ಲಿ ಲ್ಯಾರಿ ಹೋಮ್ಸ್‌ಗೆ ಸೋತ. ಹೋಮ್ಸ್ 1988ರಲ್ಲಿ ಮೈಕ್ ಟೈಸನ್‌ಗೆ. ಟೈಸನ್ 2002ರಲ್ಲಿ ಲೆನಾಕ್ಸ್ ಲೂಯಿಸ್‌ಗೆ. ಈ ಸರಪಳಿ ನೋಡಿದರೆ ಪ್ರತಿ ತಲೆಮಾರೂ ಹಿಂದಿನದಕ್ಕಿಂತ ಮೇಲು ಅನಿಸುತ್ತದೆ. ಆದರೆ ಹೋಮ್ಸ್ ಎದುರು ಅಲಿಗೆ 38 ವರ್ಷ, ಟೈಸನ್ ಎದುರು ಹೋಮ್ಸ್‌ಗೆ 38. ಲೆನಾಕ್ಸ್ ಎದುರು ಬಂದ ಟೈಸನ್ ಒಳಗಿನಿಂದ ಖಾಲಿಯಾಗಿ ವರ್ಷಗಳೇ ಆಗಿದ್ದವು. ಪ್ರತಿ ಕೊಂಡಿಯಲ್ಲೂ ಗೆದ್ದದ್ದು ಹರೆಯ. 2024ರ ನವೆಂಬರಿನಲ್ಲಿ 58 ವರ್ಷದ ಟೈಸನ್ ಟೆಕ್ಸಾಸಿನಲ್ಲಿ ಯೂಟ್ಯೂಬಿನಿಂದ ಬಂದ ಜೇಕ್ ಪಾಲ್‌ಗೆ ಸೋತದ್ದೂ ಅಧಿಕೃತ ಪಂದ್ಯವಾಗಿ ಅವನ ದಾಖಲೆಗೆ ಸೇರಿದೆ. ವಯಸ್ಸನ್ನು ಬಿಟ್ಟು ಲೆಕ್ಕ ಹಾಕುವ ಯಂತ್ರಕ್ಕೆ ಅದೂ ಒಂದು ಕೊಂಡಿಯೇ.

ಹಾಗಾಗಿ ನಾನು ನೋಡೋದು ಈ ಸರಪಳಿ ಉಲ್ಟಾ ತಿರುಗಿದ ಜಾಗಗಳನ್ನು. ಹಳಬ ಹೊಸಬನನ್ನು ಹೊಡೆದ ಪಂದ್ಯಗಳು ಬೆರಳೆಣಿಕೆಯಷ್ಟು, ಆದರೆ ಅವುಗಳಲ್ಲಿ ಇರುವ ಮಾಹಿತಿ ಬೇರೆಲ್ಲೂ ಇಲ್ಲ. 1992ರಲ್ಲಿ 42 ವರ್ಷದ ಹೋಮ್ಸ್ ರೇ ಮರ್ಸರ್‌ನನ್ನು ಪಾಯಿಂಟುಗಳ ಮೇಲೆ ಸೋಲಿಸಿದ. ಮರ್ಸರ್ ಆಗ ಸೋಲೇ ಕಾಣದವನು, 1988ರ ಒಲಿಂಪಿಕ್ ಚಿನ್ನ ಗೆದ್ದವನು. ನಾಲ್ಕು ವರ್ಷ ಬಿಟ್ಟು ಅದೇ ಮರ್ಸರ್ ಲೆನಾಕ್ಸ್ ಲೂಯಿಸ್‌ಗೆ ಬೆವರು ಇಳಿಸಿದ. 1994ರ ನವೆಂಬರ್ 5ರಂದು 45 ವರ್ಷದ ಜಾರ್ಜ್ ಫೋರ್‌ಮನ್, 1974ರಲ್ಲಿ ಅಲಿ ಎದುರು ತೊಟ್ಟಿದ್ದ ಅದೇ ಚಡ್ಡಿ ತೊಟ್ಟು ಬಂದು, 26 ವರ್ಷದ ಮೈಕಲ್ ಮೂರರ್‌ನನ್ನು ಹತ್ತನೇ ರೌಂಡಿನಲ್ಲಿ ಕೆಡವಿದ. ಅಲ್ಲಿಯ ತನಕ ಮೂರರ್ ಸ್ಪಷ್ಟವಾಗಿ ಮುಂದಿದ್ದ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಮೂರರ್ ಅದೇ ವರ್ಷ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿ ಚಾಂಪಿಯನ್ ಆಗಿದ್ದವನು. ಎಪ್ಪತ್ತರ ದಶಕದವರು ತೊಂಬತ್ತರ ದಶಕದಲ್ಲಿ ನಿಲ್ಲುತ್ತಿರಲಿಲ್ಲ ಅನ್ನುವವರು ಈ ಎರಡು ಪಂದ್ಯಗಳಿಗೆ ಏನು ಹೇಳುತ್ತಾರೆ ಅಂತ ನನಗೆ ನಿಜವಾಗಿಯೂ ಕೇಳಬೇಕಿದೆ. ಫೋರ್‌ಮನ್ 2025ರ ಮಾರ್ಚಿನಲ್ಲಿ ತೀರಿಕೊಂಡಾಗ ಹೆಚ್ಚಿನವರು ಬರೆದದ್ದು ಅಲಿ ಎದುರಿನ ಕಿನ್ಷಾಸಾದ ಸೋಲಿನ ಬಗ್ಗೆ. ನನಗೆ ಮೊದಲು ನೆನಪಾದದ್ದು ಈ ಗೆಲುವು.

ತೂಕದ ಮಾತಿಗೆ ಬರೋಣ, ಹುಡುಗರ ವಾದ ನಿಂತಿರೋದೇ ಅದರ ಮೇಲೆ. ಅದರಲ್ಲಿ ಅರ್ಧ ಸತ್ಯ ಇದೆ. 1952ರಲ್ಲಿ ಪಟ್ಟ ಗೆದ್ದ ರಾತ್ರಿ ಮಾರ್ಸಿಯಾನೊ ಸುಮಾರು 83 ಕೆಜಿ ಇದ್ದ. ಈಗಿನ ನಿಯಮದಲ್ಲಿ ಅವನು ಹೆವಿವೇಟೇ ಅಲ್ಲ, ಸುಮಾರು 91 ಕೆಜಿ ಮಿತಿಯ ಕ್ರೂಸರ್‌ವೇಟ್. 1980ರ ಹೊತ್ತಿಗೆ ಬಂದ ಆ ವಿಭಾಗ ಅವನ ಕಾಲದಲ್ಲಿ ಇರಲಿಲ್ಲ, ಹಾಗಾಗಿ ಅವನ ಗಾತ್ರದವರೆಲ್ಲ ಹೆವಿವೇಟಿನಲ್ಲೇ ಆಡಬೇಕಿತ್ತು. ಅವನನ್ನು 110 ಕೆಜಿಯ, ಕೈ ಉದ್ದ ಇರುವ, ತಲೆಯೂ ಓಡುವ ಲೆನಾಕ್ಸ್ ಎದುರು ನಿಲ್ಲಿಸಿದರೆ ಏನಾಗುತ್ತದೆ ಅಂತ ಹೇಳೋದಕ್ಕೆ ಪಂಡಿತರು ಬೇಕಿಲ್ಲ. ತೂಕದ ವಿಭಾಗಗಳು ಇರೋದೇ ಅದಕ್ಕೆ.

ಆದರೆ ಹಳಬರು ದೊಡ್ಡ ಆಳುಗಳನ್ನು ನೋಡೇ ಇರಲಿಲ್ಲ ಅನ್ನೋದು ಸುಳ್ಳು. 1919ರಲ್ಲಿ ಜ್ಯಾಕ್ ಡೆಂಪ್ಸಿ ತನಗಿಂತ 26 ಕೆಜಿ ಜಾಸ್ತಿ ಇದ್ದ, ಆರೂವರೆ ಅಡಿಯ ಜೆಸ್ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಜೋ ಲೂಯಿಸ್ 93 ಕೆಜಿ ಇದ್ದುಕೊಂಡು, ಆರೂವರೆ ಅಡಿಯ, 113 ಕೆಜಿಯ ಬಡಿ ಬೇರ್‌ನನ್ನು 1942ರಲ್ಲಿ ಒಂದೇ ರೌಂಡಿನಲ್ಲಿ ಮುಗಿಸಿದ. ಅದಕ್ಕೂ ಮುಂಚೆ 1935ರಲ್ಲಿ ಪ್ರಿಮೊ ಕಾರ್ನೆರಾನನ್ನು ಆರು ರೌಂಡಿನಲ್ಲಿ. ಈಗ ನಮ್ಮ ಕಣ್ಣೆದುರಿಗೇ ಉಸಿಕ್ ಇದ್ದಾನೆ. ಸುಮಾರು 103 ಕೆಜಿಯವನು 2024ರ ಡಿಸೆಂಬರಿನಲ್ಲಿ 127 ಕೆಜಿಯ ಫ್ಯೂರಿಯನ್ನು ಮೂವರೂ ಜಡ್ಜುಗಳ ಅಂಕದ ಕಾರ್ಡಿನಲ್ಲಿ ಸೋಲಿಸಿದ. ಅಲಿ ಮತ್ತು ಉಸಿಕ್ ಇಬ್ಬರೂ ಆರಡಿ ಮೂರು ಇಂಚು. ಹಾಗಾಗಿ ಮಾರ್ಸಿಯಾನೊ ವಿಷಯದಲ್ಲಿ ಹುಡುಗರ ಮಾತು ಒಪ್ಪುತ್ತೇನೆ, ಅಲಿ ಮತ್ತು ಜೋ ಲೂಯಿಸ್ ವಿಷಯದಲ್ಲಿ ಒಪ್ಪುವುದಿಲ್ಲ.

ಸರಿ, ಇನ್ನು ಆ ಸೊನ್ನೆಯ ವಿಷಯ. ಮಾರ್ಸಿಯಾನೊನ 49 ಗೆಲುವು, 0 ಸೋಲು. ಇದರಷ್ಟು ಜನರನ್ನು ದಾರಿ ತಪ್ಪಿಸಿದ ಅಂಕಿ ಬಾಕ್ಸಿಂಗಿನಲ್ಲಿ ಇನ್ನೊಂದಿಲ್ಲ.

1952ರ ಸೆಪ್ಟೆಂಬರ್ 23ರ ಫಿಲಡೆಲ್ಫಿಯಾ ಪಂದ್ಯವನ್ನೇ ತೆಗೆದುಕೊಳ್ಳಿ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್, ವಯಸ್ಸು 38. ಮೊದಲ ರೌಂಡಿನಲ್ಲೇ ಮಾರ್ಸಿಯಾನೊ ಕೆಳಗೆ ಬಿದ್ದ. ಹನ್ನೆರಡು ರೌಂಡ್ ಮುಗಿದಾಗ ಮೂರೂ ಕಾರ್ಡಿನಲ್ಲಿ ವಾಲ್ಕಾಟ್ ಮುಂದಿದ್ದ. ಹದಿಮೂರನೇ ರೌಂಡಿನಲ್ಲಿ ಮಾರ್ಸಿಯಾನೊ ಬಲಗೈಯಲ್ಲಿ ಕೊಟ್ಟ ಒಂದು ಏಟು, ಅಲ್ಲಿಗೆ ಮುಗೀತು. ಅದು ಇತಿಹಾಸದ ಅತ್ಯುತ್ತಮ ಹೊಡೆತಗಳಲ್ಲಿ ಒಂದು, ನೂರು ಸಲ ನೋಡಿದರೂ ನನಗೆ ಬೇಸರವಾಗುವುದಿಲ್ಲ. ಆದರೆ ಆಗ ಹದಿನೈದು ರೌಂಡು ಇದ್ದ ಪಟ್ಟದ ಪಂದ್ಯ ಈಗ ಹನ್ನೆರಡೇ ರೌಂಡು. ಇವತ್ತಿನ ನಿಯಮದಲ್ಲಿ ಅವತ್ತು ವಾಲ್ಕಾಟ್ ಗೆದ್ದು ಮನೆಗೆ ಹೋಗುತ್ತಿದ್ದ, ಮಾರ್ಸಿಯಾನೊನ ಸೊನ್ನೆಯೂ ಇರುತ್ತಿರಲಿಲ್ಲ. 1941ರಲ್ಲಿ ಜೋ ಲೂಯಿಸ್‌ಗೂ ಹಾಗೇ ಆಯಿತು. ಬಿಲ್ಲಿ ಕಾನ್ ಎದುರು ಹನ್ನೆರಡು ರೌಂಡ್ ಮುಗಿದಾಗ ಇಬ್ಬರು ತೀರ್ಪುಗಾರರ ಕಾರ್ಡಿನಲ್ಲಿ ಹಿಂದಿದ್ದು, ಹದಿಮೂರರಲ್ಲಿ ನಾಕೌಟ್ ಮಾಡಿದ. 1978ರಲ್ಲಿ ಹೋಮ್ಸ್ ಮತ್ತು ಕೆನ್ ನಾರ್ಟನ್ ಹದಿನಾಲ್ಕು ರೌಂಡಿನ ತನಕ ಸಮಸಮ ಇದ್ದರು, ಹದಿನೈದನೆಯದನ್ನು ಹೋಮ್ಸ್ ಕಸಿದುಕೊಂಡ. ಆ ಕೊನೆಯ ಮೂರು ರೌಂಡುಗಳಲ್ಲಿ ಹೆವಿವೇಟಿನ ಇತಿಹಾಸದ ಒಂದು ದೊಡ್ಡ ಪಾಲು ಬರೆದಾಗಿದೆ.

ಅವನ್ನು ತೆಗೆದದ್ದಕ್ಕೆ ನನ್ನ ತಕರಾರಿಲ್ಲ. 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿ ಜೊತೆಗಿನ ಲೈಟ್‌ವೇಟ್ ಪಂದ್ಯದ ಹದಿನಾಲ್ಕನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಹುಡುಗ ಡುಕ್ ಕೂ ಕಿಮ್ ಕೆಲವೇ ದಿನಗಳಲ್ಲಿ ಸತ್ತ. ಬೆಲ್ಟ್ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಸಿ ರೌಂಡುಗಳನ್ನು ಹನ್ನೆರಡಕ್ಕೆ ಇಳಿಸಿತು, ಉಳಿದವರು ಆ ದಶಕ ಮುಗಿಯುವ ಮುಂಚೆ ಅದೇ ದಾರಿ ಹಿಡಿದರು. ಒಳ್ಳೆಯದೇ ಆಯಿತು. ನಾನು ಹೇಳೋದು ಇಷ್ಟೇ: ಹದಿನೈದು ರೌಂಡಿಗೆ ಉಸಿರು ಉಳಿಸಿಕೊಂಡು ಆಡಿದವನ ದಾಖಲೆಯನ್ನೂ ಹನ್ನೆರಡು ರೌಂಡಿಗೆ ವೇಗ ಹೊಂದಿಸಿಕೊಂಡವನ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ಸಂಖ್ಯೆ ಓದಬಾರದು.

ಸೊನ್ನೆಯ ಜೊತೆ ಓದಬೇಕಾದದ್ದು ಎದುರಾಳಿಯ ವಯಸ್ಸು. ಮಾರ್ಸಿಯಾನೊ ಗೆದ್ದ ದೊಡ್ಡ ಹೆಸರುಗಳನ್ನು ನೋಡಿ. ಜೋ ಲೂಯಿಸ್‌ಗೆ 37, ವಾಲ್ಕಾಟ್‌ಗೆ 38, ಆರ್ಚಿ ಮೂರ್‌ಗೆ 38 ಅಥವಾ ಇನ್ನೂ ಜಾಸ್ತಿ. ಎಜರ್ಡ್ ಚಾರ್ಲ್ಸ್ ಮೂವತ್ತರ ಆಸುಪಾಸಿನವನು, ಆದರೆ ಅವನ ಒಳ್ಳೆಯ ದಿನಗಳು ಕೆಳಗಿನ ತೂಕದಲ್ಲಿ ಕಳೆದುಹೋಗಿದ್ದವು. ಇದರಲ್ಲಿ ಮಾರ್ಸಿಯಾನೊ ತಪ್ಪೇನಿಲ್ಲ. ಎದುರಿಗೆ ಇದ್ದವರನ್ನೆಲ್ಲ ಸೋಲಿಸಿದ, ಯಾರಿಂದಲೂ ಓಡಲಿಲ್ಲ. ಆದರೆ ಹರೆಯದಲ್ಲಿದ್ದ ಒಬ್ಬ ಮಹಾನ್ ಹೆವಿವೇಟನ್ನು ಸೋಲಿಸುವ ಅವಕಾಶ ಅವನಿಗೆ ಸಿಗಲೇ ಇಲ್ಲ. ನನ್ನ ಪಟ್ಟಿಯಲ್ಲಿ ಅವನು ಮೊದಲ ಐದರಲ್ಲಿ ಇಲ್ಲದಿರೋದು ಇದೇ ಕಾರಣಕ್ಕೆ.

ಅಲಿಯ ಕಡೆ ತಿರುಗಿ ಅದೇ ಅಳತೆಗೋಲು ಹಿಡಿಯಿರಿ. 1974ರ ಅಕ್ಟೋಬರ್ 30ರಂದು ಕಿನ್ಷಾಸಾದಲ್ಲಿ ಅವನ ಎದುರು ನಿಂತ ಫೋರ್‌ಮನ್‌ಗೆ 25 ವರ್ಷ, 40 ಪಂದ್ಯ, ಒಂದೂ ಸೋಲಿಲ್ಲ. ಅಲಿಯನ್ನು ಸೋಲಿಸಿದ್ದ ಜೋ ಫ್ರೇಜರ್‌ನನ್ನೂ ನಾರ್ಟನ್‌ನನ್ನೂ ಅವನು ಎರಡೆರಡು ರೌಂಡಿನಲ್ಲಿ ಮುಗಿಸಿದ್ದ. ಅಲಿಗೆ 32. ಇಲ್ಲಿ ವಯಸ್ಸು ಅಲಿಯ ಕಡೆ ಇರಲಿಲ್ಲ, ಆದರೂ ಎಂಟನೇ ರೌಂಡಿನಲ್ಲಿ ಬಿದ್ದದ್ದು ಫೋರ್‌ಮನ್. ಅದಕ್ಕೂ ಮುಂಚೆ 1964ರಲ್ಲಿ ಸೋನಿ ಲಿಸ್ಟನ್‌ನನ್ನು ಸೋಲಿಸಿದ್ದ. ಫ್ರೇಜರ್ ಜೊತೆ ಮೂರು ಪಂದ್ಯ, ಅದರಲ್ಲಿ ಕೊನೆಯದು 1975ರ ಮನಿಲಾ, ಹದಿನಾಲ್ಕು ರೌಂಡ್ ಮುಗಿದ ಮೇಲೆ ಫ್ರೇಜರ್‌ನ ಮೂಲೆಯಲ್ಲಿದ್ದ ತರಬೇತಿಯವರೇ ಸಾಕು ಅಂದರು. ಇಷ್ಟೆಲ್ಲದರ ನಡುವೆ 25ರಿಂದ 28ರ ತನಕದ ಮೂರೂವರೆ ವರ್ಷ ಅಲಿಗೆ ಸಿಗಲೇ ಇಲ್ಲ, ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರಲ್ಲ ಅಂದದ್ದಕ್ಕೆ ಪಟ್ಟವನ್ನೂ ಲೈಸೆನ್ಸನ್ನೂ ಕಿತ್ತುಕೊಂಡಿದ್ದರು. ಒಬ್ಬ ಬಾಕ್ಸರನ ಕಾಲು ಅತ್ಯಂತ ಚುರುಕಾಗಿರುವ ವರ್ಷಗಳು ಅವು. ಆ ಕಾಲದ ಅಲಿಯನ್ನು ನೋಡಬೇಕಂದರೆ 1966ರ ನವೆಂಬರಿನ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಪಂದ್ಯ ನೋಡಿ. ಎದುರಾಳಿ ಆ ಹೊತ್ತಿಗೆ ಕುಗ್ಗಿದ್ದ, ಗೆಲುವಿಗೆ ಅಂಥ ಬೆಲೆ ಇಲ್ಲ, ಆದರೆ ಆ ಗಾತ್ರದ ಮನುಷ್ಯ ಹಾಗೆ ಓಡಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಲಿ ಐದು ಸಲ ಸೋತ. ಫ್ರೇಜರ್, ನಾರ್ಟನ್, ಲಿಯಾನ್ ಸ್ಪಿಂಕ್ಸ್ ಮೂವರನ್ನೂ ಮತ್ತೆ ಎದುರಿಸಿ ಗೆದ್ದ. ಉಳಿದ ಎರಡು ಸೋಲು ಹೋಮ್ಸ್ ಮತ್ತು ಬರ್ಬಿಕ್ ಎದುರು, ರಿಂಗಿಗೆ ಇಳಿಯಲೇಬಾರದಾಗಿದ್ದ ವಯಸ್ಸಿನಲ್ಲಿ. ಸೋತ ಮೇಲೆ ಏನು ಮಾಡಿದ ಅನ್ನೋದು ಸೋಲಿಲ್ಲದ ದಾಖಲೆಗಿಂತ ಜಾಸ್ತಿ ಹೇಳುತ್ತದೆ ಅಂತ ನಾನು ನಂಬುತ್ತೇನೆ. ಜೋ ಲೂಯಿಸ್ 1936ರಲ್ಲಿ ಮ್ಯಾಕ್ಸ್ ಶ್ಮೆಲಿಂಗ್‌ಗೆ ಸೋತ, 1938ರಲ್ಲಿ ಅದೇ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ. ಲೆನಾಕ್ಸ್ ಇಡೀ ಜೀವನದಲ್ಲಿ ಸೋತದ್ದು ಇಬ್ಬರಿಗೆ, ಇಬ್ಬರನ್ನೂ ಹುಡುಕಿ ಹೋಗಿ ಹೊಡೆದ. ವ್ಲಾಡಿಮಿರ್ ಕ್ಲಿಚ್ಕೊ ಕೋರಿ ಸ್ಯಾಂಡರ್ಸ್‌ಗೆ ಸೋತಾಗ ಲೆಕ್ಕ ಚುಕ್ತಾ ಮಾಡಿದ್ದು ಅವನ ಅಣ್ಣ ವಿಟಾಲಿ. ಮೈಕ್ ಟೈಸನ್ ತನ್ನನ್ನು ಸೋಲಿಸಿದ ಯಾರನ್ನೂ ಯಾವತ್ತೂ ತಿರುಗಿ ಸೋಲಿಸಲಿಲ್ಲ.

ಟೈಸನ್ ಅಭಿಮಾನಿಗಳಿಗೆ ಇದು ಕಹಿ ಅಂತ ಗೊತ್ತು. ಆದರೆ ನಮ್ಮಲ್ಲಿ ಯಾರು ಯಾರನ್ನು ದೊಡ್ಡವರು ಅಂದುಕೊಂಡಿದ್ದೇವೆ ಅನ್ನೋದು, ಅವರು ನಮಗೆ ಹೇಗೆ ತಲುಪಿದರು ಅನ್ನೋದರ ಮೇಲೂ ನಿಂತಿದೆ. ಇಲ್ಲಿನ ಹಿರಿಯರು ಅಲಿಯನ್ನು ನೋಡಿದ್ದಕ್ಕಿಂತ ಮಾರನೇ ದಿನದ ಪೇಪರಿನಲ್ಲಿ ಓದಿದ್ದೇ ಜಾಸ್ತಿ. 1980ರಲ್ಲಿ ಅಲಿ ಮದ್ರಾಸಿಗೆ ಬಂದು ಪ್ರದರ್ಶನ ಪಂದ್ಯ ಆಡಿದ್ದು ಅವರಿಗೆ ಇನ್ನೂ ಮೊನ್ನೆ ನಡೆದಂತೆ. ನನ್ನ ವಯಸ್ಸಿನವರಿಗೆ ಟೈಸನ್ ಬಂದದ್ದು ಬಾಡಿಗೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ, ಆಮೇಲೆ ಕೇಬಲ್ ಟಿವಿಯಲ್ಲಿ. ಈಗಿನ ಹುಡುಗರಿಗೆ ರೀಲ್ಸ್‌ನಲ್ಲಿ. ಅರ್ಧ ನಿಮಿಷದ ತುಣುಕಿಗೆ ಟೈಸನ್‌ನಷ್ಟು ಹೇಳಿ ಮಾಡಿಸಿದ ಬಾಕ್ಸರ್ ಇನ್ನೊಬ್ಬನಿಲ್ಲ. 1988ರಲ್ಲಿ ಸೋಲೇ ಕಾಣದ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ್ದು ಪೂರ್ತಿಯಾಗಿ ಒಂದೂವರೆ ನಿಮಿಷದ ವಿಡಿಯೊ. ಲ್ಯಾರಿ ಹೋಮ್ಸ್‌ನ ಎಡಗೈ ಜಾಬ್ (ನೇರವಾದ ಚುಟುಕು ಹೊಡೆತ) ಅರ್ಧ ನಿಮಿಷದಲ್ಲಿ ಕಾಣುವುದಿಲ್ಲ. ಅದು ಒಂಬತ್ತನೇ ರೌಂಡಿನ ಹೊತ್ತಿಗೆ ಎದುರಾಳಿಯ ಮುಖದಲ್ಲಿ ಕಾಣುತ್ತದೆ.

20 ವರ್ಷ ನಾಲ್ಕು ತಿಂಗಳಿಗೆ ಚಾಂಪಿಯನ್, ಮರುವರ್ಷವೇ ಆಗ ಇದ್ದ ಮೂರೂ ಬೆಲ್ಟ್ ಒಟ್ಟು ಮಾಡಿದವನು ಟೈಸನ್. ಅದನ್ನು ಯಾರೂ ಅವನಿಂದ ಕಿತ್ತುಕೊಳ್ಳಲಾಗದು. ಆದರೆ 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ, ಬೆಟ್ಟಿಂಗಿನಲ್ಲಿ 42ಕ್ಕೆ 1 ಇದ್ದ ಬಸ್ಟರ್ ಡಗ್ಲಸ್‌ಗೆ ಸೋತಾಗ ಅವನಿಗೆ ಬರೀ 23. ಅದು ಮುದಿತನದ ಸೋಲಲ್ಲ. ಅವನ ಬದುಕು ಹಳಿ ತಪ್ಪಿತ್ತು, ತಾಲೀಮು ಕೆಟ್ಟಿತ್ತು, ಎಲ್ಲ ನಿಜ, ಆದರೆ ದೊಡ್ಡತನದ ಲೆಕ್ಕದಲ್ಲಿ ಶಿಸ್ತು ಕೂಡ ಬರುತ್ತದೆ ತಾನೆ. ಹೋಮ್ಸ್ ಏಳು ವರ್ಷ ಚಾಂಪಿಯನ್ ಆಗಿದ್ದ. 1979ರಲ್ಲಿ ಅರ್ನಿ ಶೇವರ್ಸ್ ಏಳನೇ ರೌಂಡಿನಲ್ಲಿ ಕೊಟ್ಟ ಬಲಗೈಗೆ ಬೇರೆ ಯಾರೇ ಆಗಿದ್ದರೂ ಏಳುತ್ತಿರಲಿಲ್ಲ, ಹೋಮ್ಸ್ ಎದ್ದ, ಹನ್ನೊಂದರಲ್ಲಿ ಗೆದ್ದ. ನನಗೆ ಹೋಮ್ಸ್ ಟೈಸನ್‌ಗಿಂತ ಮೇಲೆ, ಅದರಲ್ಲಿ ಅನುಮಾನವಿಲ್ಲ.

ಇನ್ನೊಂದು ಸಂಗತಿಯನ್ನು ಯಾವ ಅಂಕಿಅಂಶವೂ ತೋರಿಸುವುದಿಲ್ಲ: ಆಡಲು ಬಿಡದವರ ಪಟ್ಟಿ. ಜ್ಯಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಗೆದ್ದು ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. 1915ರಲ್ಲಿ ಅವನು ಸೋತ ಮೇಲೆ 1937ರಲ್ಲಿ ಜೋ ಲೂಯಿಸ್ ಗೆಲ್ಲುವ ತನಕ, 22 ವರ್ಷ, ಒಬ್ಬ ಕಪ್ಪು ಬಾಕ್ಸರ್ ಕೂಡ ಆ ಪಟ್ಟ ಕಾಣಲಿಲ್ಲ. ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದ, ಡೆಂಪ್ಸಿ ಜೊತೆ ಪಂದ್ಯ ಆಗಲೇ ಇಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್‌ಗೆ ಹೆವಿವೇಟ್ ಪಟ್ಟದ ಅವಕಾಶವನ್ನು ಬಿಳಿಯರೂ ಕೊಡಲಿಲ್ಲ, ಚಾಂಪಿಯನ್ ಆದ ಮೇಲೆ ಜಾನ್ಸನ್ ಕೂಡ ಕೊಡಲಿಲ್ಲ. ಡೆಂಪ್ಸಿ ಎಷ್ಟೇ ಉಗ್ರ ಹೊಡೆತಗಾರ ಆಗಿರಲಿ, ಆ ಕಾಲದ ಅರ್ಧ ಜನರನ್ನು ಹೊರಗಿಟ್ಟ ಪಟ್ಟ ಅದು. ಹಾಗೇ 1972, 1976, 1980ರ ಒಲಿಂಪಿಕ್ ಚಿನ್ನ ಗೆದ್ದ ಕ್ಯೂಬಾದ ಟಿಯೊಫಿಲೊ ಸ್ಟೀವನ್ಸನ್ ಒಂದು ದಿನವೂ ವೃತ್ತಿಪರನಾಗಲಿಲ್ಲ. ಸೋವಿಯತ್ ಒಕ್ಕೂಟ ಒಡೆಯುವ ತನಕ ಅಲ್ಲಿನವರಿಗೂ ಹೆಚ್ಚುಕಡಿಮೆ ಇದೇ ಗತಿ. ಉಕ್ರೇನಿನ ಕ್ಲಿಚ್ಕೊ ಸಹೋದರರು ಇಪ್ಪತ್ತು ವರ್ಷ ಮುಂಚೆ ಹುಟ್ಟಿದ್ದರೆ ಅವರ ಹೆಸರೂ ನಮಗೆ ಗೊತ್ತಿರುತ್ತಿರಲಿಲ್ಲ, ಉಸಿಕ್‌ನದೂ ಅಷ್ಟೇ. ಅಲಿಯ ಕಾಲ ಬಂಗಾರದ ಕಾಲ ಅನ್ನುವಾಗ ನಾನೂ ಇದನ್ನು ನೆನಪಿಟ್ಟುಕೊಳ್ಳಬೇಕು.

ನನ್ನ ಪಟ್ಟಿ ಕೇಳಿದರೆ ಅಲಿ ಮೊದಲು, ಜೋ ಲೂಯಿಸ್ ಎರಡನೆಯವನು. ಲೂಯಿಸ್ 11 ವರ್ಷಕ್ಕೂ ಜಾಸ್ತಿ ಪಟ್ಟ ಉಳಿಸಿಕೊಂಡ, 25 ಸಲ ಅದನ್ನು ಕಾಪಾಡಿದ. 1941 ಒಂದೇ ವರ್ಷದಲ್ಲಿ ಏಳು ಸಲ ಪಟ್ಟವನ್ನು ಪಣಕ್ಕಿಟ್ಟ. ಈಗಿನವರು ವರ್ಷಕ್ಕೆ ಎರಡು ಆಡಿದರೆ ದೊಡ್ಡದು. ಅವನ ಎದುರಾಳಿಗಳಲ್ಲಿ ಸಾಧಾರಣದವರು ಬಹಳ ಇದ್ದರು, ಆ ಕಾಲದ ಪತ್ರಕರ್ತರೇ ಅದನ್ನು ಹೇಳಿ ಆಡಿಕೊಂಡಿದ್ದರು. ಅಲಿ ಮುಂದೆ ಹೋಗೋದು ಅಲ್ಲೇ. ಲಿಸ್ಟನ್, ಫ್ರೇಜರ್, ಫೋರ್‌ಮನ್ ಮೂವರನ್ನೂ ಸೋಲಿಸಿದವನು ಇನ್ನೊಬ್ಬನಿಲ್ಲ.

ಹಾಗಾದರೆ ಉಸಿಕ್? ಅವನನ್ನು ಅಲಿಯ ಪಕ್ಕ ನಿಲ್ಲಿಸಿ ಅಳೆಯೋದರಿಂದ ಏನೂ ಗೊತ್ತಾಗುವುದಿಲ್ಲ. ಅವನಿಗೆ ಸರಿಯಾದ ಜೋಡಿ ಹೋಲಿಫೀಲ್ಡ್. ಇಬ್ಬರೂ ಮೊದಲು ಕ್ರೂಸರ್‌ವೇಟಿನ ಎಲ್ಲ ಬೆಲ್ಟ್ ಗೆದ್ದವರು, ಹೋಲಿಫೀಲ್ಡ್ 1988ರಲ್ಲಿ, ಉಸಿಕ್ 2018ರಲ್ಲಿ. ಆಮೇಲೆ ಮೈ ತುಂಬಿಸಿಕೊಂಡು ಮೇಲೆ ಬಂದು, ತಮಗಿಂತ ದೊಡ್ಡವರನ್ನು ಹೊಡೆದು, ಹೆವಿವೇಟಿನಲ್ಲೂ ಎಲ್ಲ ಬೆಲ್ಟ್ ಒಟ್ಟು ಮಾಡಿದವರು. ದಾರಿ ಒಂದೇ ಆದ್ದರಿಂದ ಅಳತೆಯೂ ನ್ಯಾಯವಾಗಿರುತ್ತದೆ.

ಹೋಲಿಫೀಲ್ಡ್ ಸೋಲಿಸಿದ ಹೆಸರುಗಳು ಉದ್ದಕ್ಕಿವೆ: ಡಗ್ಲಸ್, ಫೋರ್‌ಮನ್, ಹೋಮ್ಸ್, ಬೋ, ಟೈಸನ್ ಎರಡು ಸಲ. ವಯಸ್ಸಿನ ಅಳತೆಗೋಲು ಹಿಡಿದರೆ ಫೋರ್‌ಮನ್‌ಗೂ ಹೋಮ್ಸ್‌ಗೂ ಆಗ 42, ಅವೆರಡನ್ನೂ ಪಕ್ಕಕ್ಕಿಡಿ. ಉಳಿಯೋದರಲ್ಲಿ ಬಂಗಾರ ಅಂದರೆ 1993ರ ನವೆಂಬರಿನಲ್ಲಿ 26 ವರ್ಷದ ರಿಡಿಕ್ ಬೋ ಎದುರಿನ ಗೆಲುವು. ಬೋ ಇಡೀ ಜೀವನದಲ್ಲಿ ಸೋತ ಒಂದೇ ಪಂದ್ಯ ಅದು. ಆದರೆ ಅದೇ ಬೋ ಅದಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಹೋಲಿಫೀಲ್ಡ್‌ನನ್ನು ಸೋಲಿಸಿದ. ಲೆನಾಕ್ಸ್ ಎದುರು ಎರಡು ಪಂದ್ಯದಲ್ಲಿ ಒಂದು ಡ್ರಾ, ಒಂದು ಸೋಲು.

ಉಸಿಕ್‌ನ ಗೆಲುವುಗಳಿಗೂ ಅದೇ ಅಳತೆ. ಆಂಟನಿ ಜೋಶುವಾ ಎದುರು 2021 ಮತ್ತು 2022ರಲ್ಲಿ, ಜೋಶುವಾಗೆ ಮೂವತ್ತರ ಆಸುಪಾಸು. ಡುಬ್ವಾಗೆ 2025ರಲ್ಲಿ 27, ಉಸಿಕ್‌ಗೆ ಆಗ 38. 2024ರ ಮೇನಲ್ಲಿ ಮೊದಲ ಸಲ ಎದುರಾದಾಗ ಫ್ಯೂರಿ 35 ವರ್ಷದವನು, ಸೋಲು ಕಾಣದವನು, ಆದರೆ ಕೆಲವೇ ತಿಂಗಳು ಮುಂಚೆ 2023ರ ಅಕ್ಟೋಬರಿನಲ್ಲಿ ಎಂಎಂಎ ಅನ್ನುವ ಮಿಶ್ರ ಕಾದಾಟದ ಆಟದಿಂದ ಬಂದ ಫ್ರಾನ್ಸಿಸ್ ಎನ್‌ಗಾನು ಅವನನ್ನು ಕೆಳಗೆ ಬೀಳಿಸಿದ್ದ. ಹಾಗಾಗಿ ಫ್ಯೂರಿಯ ಅತ್ಯುತ್ತಮ ರೂಪವನ್ನು ಉಸಿಕ್ ಎದುರಿಸಿದ ಅಂತ ನಾನು ಹೇಳುವುದಿಲ್ಲ. ಆ ಮೇ ಪಂದ್ಯ ಒಂದು ಕಾರ್ಡಿನಲ್ಲಿ ಉಸಿಕ್‌ಗೆ 115–112, ಇನ್ನೊಂದರಲ್ಲಿ 114–113, ಮೂರನೆಯದರಲ್ಲಿ ಫ್ಯೂರಿಗೇ 114–113. ಒಂಬತ್ತನೇ ರೌಂಡಿನಲ್ಲಿ ರೆಫರಿ ಫ್ಯೂರಿಗೆ ಕೌಂಟ್ ಕೊಟ್ಟದ್ದರಿಂದ, ಅಂದರೆ ಬಿದ್ದಂತೆ ಎಣಿಸಿದ್ದರಿಂದ ಸಿಕ್ಕ ಆ ಒಂದು ಪಾಯಿಂಟ್ ಇಲ್ಲದಿದ್ದರೆ ಅದು ಡ್ರಾ. ಉಸಿಕ್‌ನ ಸೊನ್ನೆಯನ್ನೂ ಹೀಗೇ ಬಿಚ್ಚಿ ನೋಡಬೇಕು.

ಬಿಚ್ಚಿ ನೋಡಿದ ಮೇಲೂ ಅವನ ಕಡೆ ಉಳಿಯುವ ಒಂದು ಸಂಗತಿ ಇದೆ, ಅದಕ್ಕೆ ಸಿಗಬೇಕಾದಷ್ಟು ಬೆಲೆ ಇನ್ನೂ ಸಿಕ್ಕಿಲ್ಲ ಅಂತ ನನ್ನ ನಂಬಿಕೆ. ಕ್ರೂಸರ್‌ವೇಟಿನಲ್ಲಿ ಗ್ಲೊವಾಟ್ಸ್ಕಿಯನ್ನು ಅವನು ಸೋಲಿಸಿದ್ದು ಪೋಲೆಂಡಿನಲ್ಲಿ, ಬ್ರಿಯೆಡಿಸ್‌ನನ್ನು ರೀಗಾದಲ್ಲಿ, ಗಸ್ಸಿಯೆವ್‌ನನ್ನು ಮಾಸ್ಕೋದಲ್ಲಿ, ಬೆಲ್ಯೂನನ್ನು ಮ್ಯಾಂಚೆಸ್ಟರಿನಲ್ಲಿ. ಜೋಶುವಾ ಮೊದಲ ಸಲ ಸೋತದ್ದು ಲಂಡನ್ನಿನಲ್ಲಿ, ಡುಬ್ವಾ ಎರಡನೇ ಸಲ ಸೋತದ್ದೂ ಲಂಡನ್ನಿನಲ್ಲಿ. ತೀರ್ಪುಗಾರರ ಕಾರ್ಡಿನಲ್ಲಿ ಪಂದ್ಯ ತೀರ್ಮಾನವಾಗುವ ಆಟದಲ್ಲಿ, ಎದುರಾಳಿಯ ಊರಿಗೇ ಹೋಗಿ, ಎದುರಾಳಿಯ ಜನ ಕೂಗುತ್ತಿರುವಾಗ, ಕಡಿಮೆ ತೂಕದಲ್ಲಿ ನಿಂತು ಹೀಗೆ ಸಾಲಾಗಿ ಗೆದ್ದ ಚಾಂಪಿಯನ್ ಅಲಿಯ ಕಾಲದಲ್ಲೂ ಇರಲಿಲ್ಲ, ಹೋಲಿಫೀಲ್ಡ್ ಅಂತೂ ಅಲ್ಲ. ಬೋನಷ್ಟು ಒಳ್ಳೆಯ ಒಬ್ಬನನ್ನು ಅವನ ಏರು ಹೊತ್ತಿನಲ್ಲಿ ಸೋಲಿಸಿದ್ದು ಹೋಲಿಫೀಲ್ಡ್‌ನ ಕಡೆ ಇದೆ, ಒಮ್ಮೆಯೂ ದಾರಿ ಬಿಟ್ಟುಕೊಡದ್ದು ಉಸಿಕ್‌ನ ಕಡೆ ಇದೆ. ನಾನು ಉಸಿಕ್‌ನನ್ನು ಹೋಲಿಫೀಲ್ಡ್‌ಗಿಂತ ಒಂದು ಮೆಟ್ಟಿಲು ಮೇಲೆ, ಲೆನಾಕ್ಸ್‌ಗಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುತ್ತೇನೆ.